ಟೆಕ್ನಿಕಲ್ ಡೈವಿಂಗ್‌ಗೆ ಫಿನ್ ಆರಿಸುವುದು ಹೇಗೆ: ಬೆಂಗಳೂರಿನ ಡೈವರ್‌ಗಳಿಗೆ

ನೇತ್ರಾಣಿಯಲ್ಲೋ ಪುದುಚೇರಿಯಲ್ಲೋ ಒಂದೇ ಸಿಲಿಂಡರ್ ಹೊತ್ತು ಈಜುವ ಮನರಂಜನಾ ಡೈವಿಂಗ್‌ಗೆ ಹೆಚ್ಚುಕಡಿಮೆ ಯಾವ ಫಿನ್ (ಈಜಲು ಪಾದಕ್ಕೆ ತೊಡುವ ಅಗಲ ಅಲಗಿನ ಸಾಧನ) ಆದರೂ ನಡೆಯುತ್ತದೆ. ಬೆನ್ನಿಗೆ ಜೋಡಿ ಸಿಲಿಂಡರ್, ಪಕ್ಕೆಗೆ ಡಿಕಂಪ್ರೆಷನ್ ಅನಿಲದ (ಮೇಲೇರುವಾಗ ಉಸಿರಾಡುವ ಅನಿಲದ) ಇನ್ನೊಂದು ಸಿಲಿಂಡರ್ ಕಟ್ಟಿಕೊಂಡು ಮುಳುಗಿದ ಹಡಗಿನ ಒಳಕ್ಕೋ ಗುಹೆಯೊಳಕ್ಕೋ ಹೋಗುವ, ಮೇಲೇರುವಾಗ ಒಂದೇ ಆಳದಲ್ಲಿ ಬಹಳ ಹೊತ್ತು ಕದಲದೆ ನಿಲ್ಲಬೇಕಾದ ಟೆಕ್ನಿಕಲ್ ಡೈವಿಂಗ್‌ನಲ್ಲಿ ಆ ಸಲುಗೆ ಇಲ್ಲ. ಅಲ್ಲಿ ಫಿನ್ ಮಾಡಬೇಕಾದ ಕೆಲಸ ಎರಡು: ತಳದ ಹೂಳನ್ನು ಕದಡದೆ ಬೇಕಾದ ದಿಕ್ಕಿಗೆ ಒಯ್ಯುವುದು, ಮತ್ತು ದೇಹ ನೀರಿಗೆ ಸಮತಲವಾಗಿ ನಿಲ್ಲುವಂತೆ ಕಾಲಿನ ತುದಿಯಲ್ಲಿ ಸರಿಯಾದ ತೂಕವಾಗಿರುವುದು. ಅಂಗಡಿಯವರು ಮೊದಲನೆಯದನ್ನು ವಿವರಿಸುತ್ತಾರೆ. ಎರಡನೆಯದನ್ನು ಕೊಳ್ಳುವವರೇ ಪರೀಕ್ಷಿಸಿಕೊಳ್ಳಬೇಕು.

ಮೊದಲು ಅಲಗನ್ನು ನೋಡಿ. ಟೆಕ್ನಿಕಲ್ ಡೈವರ್ ಕಾಲನ್ನು ಮೇಲೆಕೆಳಗೆ ಬಡಿಯುವುದು ಅಪರೂಪ. ಮೊಣಕಾಲು ಮಡಿಸಿ, ನೀರನ್ನು ಹಿಂದಕ್ಕೆ ತಳ್ಳುವ ಫ್ರಾಗ್ ಕಿಕ್, ನಿಂತಲ್ಲೇ ತಿರುಗುವ ಹೆಲಿಕಾಪ್ಟರ್ ತಿರುವು, ಹಿಮ್ಮುಖವಾಗಿ ಸರಿಯುವ ಬ್ಯಾಕ್ ಕಿಕ್ ಇವೇ ಅವರ ನಿತ್ಯದ ಚಲನೆಗಳು. ಇವೆಲ್ಲಕ್ಕೂ ಅಲಗು ಗಿಡ್ಡವಾಗಿ, ಅಗಲವಾಗಿ, ಗಡುಸಾಗಿ ಇರಬೇಕು, ಏಕೆಂದರೆ ಪಾದವನ್ನು ಅಡ್ಡಕ್ಕೆ ತಿರುಗಿಸಿ ನೀರನ್ನು ಎಳೆಯುವಾಗ ಮೆತ್ತನೆಯ ಅಲಗು ಬಾಗಿ, ಹಾಕಿದ ಬಲವೆಲ್ಲ ಸೋರಿಹೋಗುತ್ತದೆ. ನಡುವೆ ಸೀಳಿರುವ ಸ್ಪ್ಲಿಟ್ ಫಿನ್ ನೇರವಾಗಿ ಮುಂದಕ್ಕೆ ಈಜುವವರಿಗೆ ಹಿತವಾಗಿರಬಹುದು, ಆದರೆ ಬ್ಯಾಕ್ ಕಿಕ್‌ಗೆ ಅದು ಒದಗುವುದಿಲ್ಲವಾದ್ದರಿಂದ ಅದನ್ನು ಇಲ್ಲಿಗೇ ಬಿಡಬಹುದು. ಉಸಿರು ಬಿಗಿಹಿಡಿದು ಮುಳುಗುವವರ ಉದ್ದನೆಯ ಫಿನ್‌ಗಳೂ ಬೇಡ. ಇಕ್ಕಟ್ಟಿನಲ್ಲಿ ಅವು ಗೋಡೆಗೆ ತಾಗುತ್ತವೆ.

1960ರ ದಶಕದಲ್ಲಿ ಫ್ರಾನ್ಸಿನ ಜಾರ್ಜ್ ಬ್ಯೂಷಾ ರೂಪಿಸಿದ, ಈಗ ಸ್ಕೂಬಾಪ್ರೋ ತಯಾರಿಸುತ್ತಿರುವ ಜೆಟ್ ಫಿನ್ ಈ ಬಗೆಯ ಮೂಲ ಮಾದರಿ. ಅಪ್ಪಟ ರಬ್ಬರಿನ ಗಿಡ್ಡ ಅಲಗು, ಪಾದದ ಬುಡದಲ್ಲಿ ನೀರು ಹಾಯುವ ಕಿಂಡಿಗಳು, ಇಷ್ಟೇ ಅದರ ರಚನೆ. ಹಾಲಿಸ್ ಎಫ್1, ಡೈವ್ ರೈಟ್ ಎಕ್ಸ್‌ಟಿ ಮುಂತಾದವು ಇದೇ ವಂಶದವು. ಓಎಂಎಸ್ ಸ್ಲಿಪ್‌ಸ್ಟ್ರೀಮ್, ಏಪೆಕ್ಸ್ ಆರ್‌ಕೆ3 ಮುಂತಾದವು ಅದೇ ಆಕಾರವನ್ನು ಹಗುರವಾದ ಥರ್ಮೋಪ್ಲಾಸ್ಟಿಕ್‌ನಲ್ಲಿ ಕೊಡುತ್ತವೆ. ಗಡುಸುತನಕ್ಕೂ ಒಂದು ಮಿತಿಯಿದೆ. ಕಾಲಿನ ಶಕ್ತಿಗೆ ಮೀರಿದ ಫಿನ್ ಮೀನಖಂಡ ಹಿಡಿಸುವುದಷ್ಟೇ ಅಲ್ಲ, ಶ್ರಮ ಹೆಚ್ಚಿಸಿ ದೇಹದಲ್ಲಿ ಕಾರ್ಬನ್ ಡೈಆಕ್ಸೈಡ್ ಹೆಚ್ಚಿಸುತ್ತದೆ. ಆಳದಲ್ಲಿ ಅನಿಲ ದಟ್ಟವಾಗಿ ಉಸಿರಾಟವೇ ಭಾರವಾಗಿರುವಾಗ ಅದು ಹೊರಹೋಗದೆ ಉಳಿದರೆ ನಾರ್ಕೋಸಿಸ್‌ನ (ಆಳದಲ್ಲಿ ಅನಿಲದಿಂದ ಅಮಲೇರಿದಂತಾಗುವ ಸ್ಥಿತಿಯ) ಮಂಕೂ ಆಮ್ಲಜನಕದ ವಿಷಬಾಧೆಯ ಅಪಾಯವೂ ಏರುತ್ತವೆ.

ಇನ್ನು ತೂಕ. ನನ್ನ ಅಭಿಪ್ರಾಯದಲ್ಲಿ ನಮ್ಮವರು ಎಡವುವುದು ಇಲ್ಲಿಯೇ. ಹೊರದೇಶದ ವಿಡಿಯೋಗಳಲ್ಲಿ ಎಲ್ಲರೂ ಭಾರದ ರಬ್ಬರ್ ಫಿನ್ ಧರಿಸಿರುವುದನ್ನು ಕಂಡು ಅದನ್ನೇ ತರಿಸಿಕೊಳ್ಳುತ್ತಾರೆ, ಆದರೆ ಅವರಲ್ಲಿ ಬಹುಪಾಲು ಮಂದಿ ತಣ್ಣೀರಿನಲ್ಲಿ ಡ್ರೈಸೂಟ್ (ನೀರು ಒಳಸೇರದ, ಒಳಗೆ ಗಾಳಿಯಿರುವ ಸೂಟು) ಧರಿಸಿ ಮುಳುಗುವವರೆಂಬುದನ್ನು ಗಮನಿಸುವುದಿಲ್ಲ. ಡ್ರೈಸೂಟಿನೊಳಗಿನ ಗಾಳಿ ಕಾಲಿನ ಕಡೆಗೆ ಸರಿದು ಪಾದಗಳನ್ನು ಮೇಲೆತ್ತುವುದರಿಂದ ಅವರಿಗೆ ಭಾರದ ಫಿನ್ ಬೇಕಾಗುತ್ತದೆ. ನಮ್ಮ ಸಮುದ್ರದಲ್ಲಿ ತೆಳುವಾದ ವೆಟ್‌ಸೂಟ್ (ಮೈಗೆ ಅಂಟುವ ನಿಯೋಪ್ರೀನ್ ಸೂಟು) ಸಾಕು. ಅದರ ತೇಲುಬಲ ಕಡಿಮೆ, ಆಳಕ್ಕಿಳಿದಂತೆ ಬಟ್ಟೆ ಅದುಮಿಕೊಂಡು ಇನ್ನೂ ಕಡಿಮೆಯಾಗುತ್ತದೆ. ಪಾದವು ದೇಹದ ನಡುಭಾಗದಿಂದ ದೂರವಿರುವ ಕಾರಣ, ಏತದ ತುದಿಗೆ ಕಟ್ಟಿದ ಕಲ್ಲಿನಂತೆ, ಅಲ್ಲಿನ ಸಣ್ಣ ತೂಕವೂ ದೊಡ್ಡ ಪರಿಣಾಮ ಮಾಡುತ್ತದೆ. ಹಾಗೆಂದು ಹಗುರದ್ದೇ ಸರಿ ಎಂದೂ ಅಲ್ಲ: ಇಲ್ಲಿ ಹೆಚ್ಚಾಗಿ ದೊರೆಯುವ ಅಲ್ಯೂಮಿನಿಯಂ ಸಿಲಿಂಡರ್ ಖಾಲಿಯಾದಂತೆ ತೇಲತೊಡಗಿ ಅದರ ಬುಡ ಮೇಲೇಳುತ್ತದೆ, ಆಗ ಕಾಲಿನ ಬಳಿ ತುಸು ತೂಕವಿದ್ದರೆ ಅನುಕೂಲ.

ಆದ್ದರಿಂದ ಕೊಳ್ಳುವ ಮೊದಲು ಎರವಲು ಪಡೆದ ಫಿನ್ ಧರಿಸಿ ಈಜುಕೊಳದಲ್ಲಿ ಪರೀಕ್ಷಿಸಿ. ಸಮುದ್ರದಲ್ಲಿ ಧರಿಸುವ ಸೂಟು, ಸಿಲಿಂಡರ್, ವಿಂಗ್ (ತೇಲುವಿಕೆ ಹೊಂದಿಸಲು ಬೆನ್ನಿಗೆ ಕಟ್ಟುವ ಗಾಳಿಚೀಲ) ಎಲ್ಲವೂ ಮೈಮೇಲಿರಲಿ; ಸಿಹಿನೀರು ಸಮುದ್ರದಷ್ಟು ಮೇಲೆತ್ತುವುದಿಲ್ಲವಾದ್ದರಿಂದ ಸೀಸದ ತೂಕವನ್ನು ಸ್ವಲ್ಪ ಕಡಿಮೆ ಮಾಡಿಕೊಳ್ಳಿ. ಮೊಣಕಾಲನ್ನು ಲಂಬವಾಗಿ ಮಡಿಸಿ, ಕೈಕಾಲು ಆಡಿಸದೆ ಅರ್ಧ ನಿಮಿಷ ನಿಂತು, ಯಾವ ತುದಿ ಕೆಳಗಿಳಿಯುತ್ತದೆ ಎಂಬುದನ್ನು ಜೊತೆಗಾರರಿಂದ ವಿಡಿಯೋ ಮಾಡಿಸಿ. ಸಿಲಿಂಡರ್ ತುಂಬಿರುವಾಗ ಒಮ್ಮೆ, ಖಾಲಿಯಾಗುತ್ತ ಬಂದಾಗ ಇನ್ನೊಮ್ಮೆ ಹೀಗೆ ನೋಡಬೇಕು. ಕಾಲು ಮುಳುಗುತ್ತಿದ್ದರೆ ಸಿಲಿಂಡರನ್ನು ತಲೆಯ ಕಡೆಗೆ ತುಸು ಏರಿಸುವುದು ಅಥವಾ ಸೀಸವನ್ನು ಮೇಲಕ್ಕೆ ಸರಿಸುವುದು ಖರ್ಚಿಲ್ಲದ ಉಪಾಯ. ಅದರಿಂದಲೂ ಸರಿಹೋಗದಿದ್ದರೆ ಹಗುರವಾದ ಫಿನ್ ಹುಡುಕಿ. ಕಾಲು ಒಂದಿಷ್ಟು ಮೇಲೇಳುತ್ತಿದ್ದರೆ ಅವಸರಪಡಬೇಡಿ, ಆಳದಲ್ಲಿ ವೆಟ್‌ಸೂಟ್ ಅದುಮಿಕೊಂಡಾಗ ಅದು ತಾನಾಗಿಯೇ ಸಮವಾಗಬಹುದು.

ಬೆಂಗಳೂರಿನವರಿಗೆ ತೂಕದ ಇನ್ನೊಂದು ಲೆಕ್ಕವೂ ಇದೆ. ದೇಶದೊಳಗಿನ ವಿಮಾನಗಳ ಸಾಧಾರಣ ಟಿಕೆಟ್‌ಗೆ ಸಾಮಾನ್ಯವಾಗಿ 15 ಕಿಲೋ ಲಗೇಜು ಮಾತ್ರ. ದೊಡ್ಡ ಅಳತೆಯ ರಬ್ಬರ್ ಫಿನ್ ಜೋಡಿಯೊಂದೇ ಅದರಲ್ಲಿ ಸುಮಾರು 3 ಕಿಲೋ ತಿನ್ನುತ್ತದೆ. ಮುರುಡೇಶ್ವರಕ್ಕೆ ರಾತ್ರಿ ಬಸ್ಸಿನಲ್ಲಿ ಹೋಗುವವರಿಗೆ ಈ ಚಿಂತೆಯಿಲ್ಲ, ಅಂಡಮಾನಿಗೆ ಹಾರುವವರಿಗೆ ಇದೆ. ವೆಟ್‌ಸೂಟ್ ಡೈವಿಂಗೇ ಹೆಚ್ಚಾಗಿರುವವರಿಗೆ ನಾನು ಸೂಚಿಸುವುದು ಥರ್ಮೋಪ್ಲಾಸ್ಟಿಕ್ ಫಿನ್. ಚಳಿಗಾಲದ ಮಾಲ್ಟಾದಂಥ ತಣ್ಣೀರಿಗೆ ಡ್ರೈಸೂಟ್ ಸಮೇತ ಹೋಗುವ ಯೋಜನೆಯಿದ್ದರೆ ಮಾತ್ರ ರಬ್ಬರ್.

ಅಳತೆಯನ್ನು ಚಪ್ಪಲಿ ಸಂಖ್ಯೆಯ ಮೇಲೆ ನಿರ್ಧರಿಸಬೇಡಿ. ಫಿನ್‌ನ ಗೂಡಿಗೆ ಹೊಗುವುದು ಬೂಟು ತೊಟ್ಟ ಪಾದ, ಬೂಟಿನ ದಪ್ಪವೋ ಬಗೆಬಗೆ. ತೆಳುವಾದ ನಿಯೋಪ್ರೀನ್ ಬೂಟಿಗೆ ಹೊಂದಿದ ಫಿನ್, ಡ್ರೈಸೂಟಿನ ಗಡುಸು ಬೂಟಿಗೆ ಬಿಗಿಯಾಗುತ್ತದೆ. ಒಂದು ಕಂಪನಿಯ ಎಲ್ ಇನ್ನೊಂದರ ಎಕ್ಸ್‌ಎಲ್ ಆಗಿರಬಹುದು. ಆದ್ದರಿಂದ ಬೂಟನ್ನು ಒದ್ದೆ ಮಾಡಿಯೇ ಅಂಗಡಿಗೆ ಒಯ್ಯಿರಿ. ಅವರಿಗೆ ಮುಜುಗರವಾದರೂ ಚಿಂತೆಯಿಲ್ಲ. ಬೆರಳುಗಳು ನಲುಗಬಾರದು, ಪಾದ ಅಡ್ಡಡ್ಡ ಅಲುಗಾಡಲೂಬಾರದು, ಏಕೆಂದರೆ ಬ್ಯಾಕ್ ಕಿಕ್‌ನಲ್ಲಿ ಪಾದದ ಮೇಲ್ಭಾಗವೇ ಫಿನ್ನನ್ನು ಎಳೆಯುತ್ತದೆ.

ಹಿಮ್ಮಡಿಗೆ ಸ್ಟೇನ್‌ಲೆಸ್ ಸ್ಟೀಲ್ ಸ್ಪ್ರಿಂಗ್ ಪಟ್ಟಿಯೇ ಲೇಸು. ಬಕಲ್ ಮುರಿಯುವ ಭಯವಿಲ್ಲ, ಹೊರಚಾಚಿದ ಪಟ್ಟಿಯ ತುದಿ ಗುಹೆಯಲ್ಲಿ ದಾರಿ ತೋರಲು ಕಟ್ಟಿದ ದಾರಕ್ಕೆ ಸಿಕ್ಕಿಕೊಳ್ಳುವುದಿಲ್ಲ. ಆದರೂ ಒಂದು ಪಟ್ಟಿ ಹೆಚ್ಚುವರಿಯಾಗಿ ಚೀಲದಲ್ಲಿರಲಿ. ಬಣ್ಣ ನಿಮ್ಮ ಇಷ್ಟ. ತರಬೇತಿಯಲ್ಲಿರುವವರು ತಿಳಿಬಣ್ಣದ್ದನ್ನು ಕೊಂಡರೆ ಕಿಕ್‌ನ ತಪ್ಪುಗಳು ಶಿಕ್ಷಕರಿಗೆ ಸುಲಭವಾಗಿ ಕಾಣುತ್ತವೆ.

ಪ್ರವಾಸದಿಂದ ಮರಳಿದ ಮೇಲೆ ಫಿನ್ ಮತ್ತು ಸ್ಪ್ರಿಂಗನ್ನು ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಆರಿಸಿ. ಬಾಲ್ಕನಿಯ ಬಿಸಿಲು ರಬ್ಬರನ್ನು ಬಿರುಕು ಬಿಡಿಸುತ್ತದೆ, ಅಲಗಿನ ತುದಿಯ ಮೇಲೆ ನಿಲ್ಲಿಸಿಟ್ಟರೆ ಅದು ಬಾಗಿದ ಆಕಾರದಲ್ಲೇ ಉಳಿಯುತ್ತದೆ; ಆದ್ದರಿಂದ ಫಿನ್‌ಗಳನ್ನು ಮಲಗಿಸಿ, ಅಥವಾ ಹಿಮ್ಮಡಿಯ ಪಟ್ಟಿಯಿಂದ ತೂಗುಹಾಕಿ ಇಡಬೇಕು.