ಡೈರಿ ಕಟ್ಟೆಯ ಮೇಲೆ ಒಂದು ಗಂಟೆ

ಬ್ಯಾಂಕಿನಲ್ಲಿ ಮೂವತ್ತೊಂದು ವರ್ಷ ದುಡಿದು 2019ರಲ್ಲಿ ನಿವೃತ್ತನಾಗಿ ತುರುವೇಕೆರೆ ತಾಲ್ಲೂಕಿನ ನಮ್ಮೂರಿಗೆ ವಾಪಸಾದೆ. ಪಾಸ್‌ಬುಕ್, ಪಿಂಚಣಿ, ಅರ್ಜಿ ಅಂತ ಯಾರಿಗಾದರೂ ಕೇಳುವುದಿದ್ದರೆ ಭಾನುವಾರ ಗ್ರಂಥಾಲಯದ ಜಗುಲಿಯಲ್ಲಿ ಸಿಗುತ್ತೇನೆ ಎಂದು ಊರಿಗೆಲ್ಲ ಹೇಳಿಸಿದೆ. ನಾಲ್ಕು ಭಾನುವಾರ ಕೂತೆ. ಬಂದವರು ಪೇಪರ್ ಓದಲು ದಿನಾ ಬರುವ ಗಂಡಸರು. ಅವರಿಗೆ ಸಲಹೆ ಬೇಕಿರಲಿಲ್ಲ, ವಾದಕ್ಕೊಬ್ಬ ಜೊತೆ ಬೇಕಿತ್ತು.

‘ಹೆಂಗಸರು ನಿಮ್ ಜಗುಲಿಗೆ ಯಾಕ್ ಬರ್ತಾರೆ? ಡೈರಿ ಹತ್ರ ಹೋಗಿ ಕೂತ್ಕೊಳ್ಳಿ’ ಅಂದಳು ನನ್ನ ಹೆಂಡತಿ. ಬೆಳಿಗ್ಗೆ ಆರೂವರೆಗೆ ಹಾಲು ಹಾಕಲು ಅರ್ಧ ಊರೇ ಅಲ್ಲಿ ಸಾಲು ನಿಲ್ಲುತ್ತದೆ. ಬುಧವಾರ ಬುಧವಾರ ಡೈರಿ ಕಟ್ಟೆಯ ಮೇಲೆ ಕೂತುಕೊಳ್ಳಲು ಶುರುಮಾಡಿದೆ. ಮೊದಲ ದಿನವೇ ಏಳು ಜನ.

ಬ್ಯಾಂಕಿನವನು, ನನಗೆಲ್ಲ ಗೊತ್ತು ಎಂಬ ಜಂಬ ಇತ್ತು ನೋಡಿ, ಅದು ಇಳಿದದ್ದು ಎರಡನೇ ತಿಂಗಳಲ್ಲಿ. ಒಬ್ಬಾಕೆಗೆ ವಿಧವಾ ವೇತನ ಐದು ತಿಂಗಳಿಂದ ಬಂದಿರಲಿಲ್ಲ. ‘ಆಧಾರ್ ಲಿಂಕ್ ಆಗಿಲ್ಲ, ಬ್ಯಾಂಕಿಗೆ ಹೋಗಿ’ ಎಂದು ಕೂತಲ್ಲಿಂದಲೇ ಹೇಳಿದೆ. ಮೂರು ಸಲ ಹೋಗಿಬಂದಳು. ‘ಲಿಂಕ್ ಆಗೈತಂತೆ ಸಾ’ ಅಂದಳು ಪ್ರತಿ ಸಲವೂ. ಆಗಿದ್ದದ್ದು ನಿಜ. ಆದರೆ ಸಂಘದ ಸಾಲಕ್ಕೆಂದು ಪೇಟೆಯ ಇನ್ನೊಂದು ಬ್ಯಾಂಕಿನಲ್ಲಿ ಖಾತೆ ತೆರೆದಿದ್ದಳು, ಅದಕ್ಕೂ ಆಧಾರ್ ಕೊಟ್ಟಿದ್ದಳು. ಆಧಾರ್ ಮೂಲಕ ಬರುವ ಸರ್ಕಾರದ ದುಡ್ಡು, ಬ್ಯಾಂಕುಗಳ ನಡುವೆ ಹಣ ಸಾಗಿಸುವ ಎನ್‌ಪಿಸಿಐ ಸಂಸ್ಥೆಯಲ್ಲಿ ಎಲ್ಲಕ್ಕಿಂತ ಈಚೆಗೆ ಜೋಡಣೆಯಾದ ಖಾತೆಗೆ ಹೋಗುತ್ತದೆ, ನಾವು ಅರ್ಜಿಯಲ್ಲಿ ಬರೆದ ಖಾತೆಗಲ್ಲ. ಐದು ತಿಂಗಳ ದುಡ್ಡು ಆ ಪೇಟೆಯ ಖಾತೆಯಲ್ಲಿ ತಣ್ಣಗೆ ಕೂತಿತ್ತು. ಆಕೆ ಕಳೆದುಕೊಂಡ ಮೂರು ದಿನದ ಕೂಲಿ ನನ್ನ ಬಾಯಿಚಪಲದ ಲೆಕ್ಕಕ್ಕೆ.

ಅವತ್ತಿನಿಂದ, ಮನೆಯಲ್ಲಿರುವ ಪಾಸ್‌ಬುಕ್ಕುಗಳನ್ನೆಲ್ಲ ನೋಡುವ ತನಕ ಬಾಯಿ ಬಿಡುವುದಿಲ್ಲ. ಸೀರೆ ಅಂಗಡಿಯ ಕವರಿನಲ್ಲಿ ಎಲ್ಲ ಬರುತ್ತವೆ, ಜೊತೆಗೆ ಸತ್ತ ಮಾವನ ಮತದಾರರ ಚೀಟಿಯೂ. ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂದು ಆಧಾರ್ ವೆಬ್‌ಸೈಟಿನಲ್ಲೇ ನೋಡಬಹುದು. ಆದರೆ ಓಟಿಪಿ ಹೋಗುವುದು ಪೀಣ್ಯದಲ್ಲಿ ಕೆಲಸಕ್ಕಿರುವ ಮಗನ ಮೊಬೈಲಿಗೆ. ಅವನು ನೈಟ್ ಶಿಫ್ಟ್ ಮುಗಿಸಿ ಮಲಗಿರುತ್ತಾನೆ. 2023ರ ಆಗಸ್ಟಿನಲ್ಲಿ ಗೃಹಲಕ್ಷ್ಮಿ ಶುರುವಾದ ಮೇಲೆ ಒಂದು ಗಂಟೆ ಎಂದುಕೊಂಡದ್ದು ಎರಡೂವರೆ ಗಂಟೆಯಾಗುತ್ತಿತ್ತು. ಹೆಚ್ಚಿನವರದ್ದು ಇದೇ ಗಂಟು, ಇಲ್ಲವೇ ರೇಷನ್ ಕಾರ್ಡಿನಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು.

ಪಾಸ್‌ಬುಕ್ ತಿರುವುವ ಚಟದಿಂದಲೇ ಇನ್ನೊಂದು ಕೆಲಸವಾಯಿತು. ಗಂಡ ಎದೆನೋವಿನಿಂದ ತೀರಿಕೊಂಡು ಎರಡು ತಿಂಗಳಾಗಿದ್ದ ಒಬ್ಬ ಹುಡುಗಿ, ವಯಸ್ಸು ಮೂವತ್ತೂ ಇರಲಿಕ್ಕಿಲ್ಲ, ಖಾತೆ ಮುಚ್ಚುವುದು ಹೇಗೆ ಎಂದು ಕೇಳಲು ಬಂದಳು. ಅವನ ಪುಸ್ತಕದಲ್ಲಿ ಮೇ ಕೊನೆಯ ಸಾಲು ನೋಡಿದೆ: 436 ರೂಪಾಯಿ ಕಡಿತ. ಹಿಂದಿನ ವರ್ಷವೂ ಅಷ್ಟೇ. ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆಯ ಕಂತು ಅದು, ಜೂನ್ 1ರಿಂದ ಮರುವರ್ಷದ ಮೇ 31ರವರೆಗೆ ಎರಡು ಲಕ್ಷದ ಭದ್ರತೆ. ಅವನು ಮನೆಯಲ್ಲಿ ಹೇಳಿರಲಿಲ್ಲ. ಅವನಿಗೇ ನೆನಪಿತ್ತೋ ಇಲ್ಲವೋ. ಮರಣ ಪ್ರಮಾಣಪತ್ರ, ನಾಮಿನಿಯ ಆಧಾರ್, ಕ್ಲೇಮ್ ಫಾರಂ ಹಿಡಿದು ಹೋದೆವು. ‘ತಡವಾಯಿತಲ್ಲ’ ಎಂದು ಕೌಂಟರಿನಲ್ಲಿ ರಾಗ ಎಳೆದರು. ಅರ್ಜಿ ತೆಗೆದುಕೊಂಡು ಸ್ವೀಕೃತಿ ಕೊಡಿ, ಬೇಡ ಎನ್ನುವುದಾದರೆ ಬರೆದುಕೊಡಿ ಎಂದೆ. ದುಡ್ಡು ಬಂತು. ಸಾವಿನ ಮನೆಯವರು ಯಾರೇ ಬರಲಿ, ಈಗ ಮೊದಲು ಹುಡುಕುವುದು 436 ಮತ್ತು 20. ಇಪ್ಪತ್ತು ರೂಪಾಯಿಯದ್ದು ಅಪಘಾತ ವಿಮೆ. ನಮ್ಮ ಕಡೆ ತೆಂಗಿನಮರದಿಂದ ಬಿದ್ದು ಹೋಗುವವರು ಇದ್ದೇ ಇರುತ್ತಾರೆ. ಅಂಥ ಸಾವಿಗೂ ಅದು ಸಿಗುತ್ತದೆ, ಆಸ್ಪತ್ರೆಯ ದಾಖಲೆ ಇರಬೇಕು.

ದುಡ್ಡು ಮುಟ್ಟುವುದಿಲ್ಲ. ಅವರೆಕಾಯಿ ಕಾಲದಲ್ಲಿ ಮಾತ್ರ ಈ ನಿಯಮ ಸ್ವಲ್ಪ ಸಡಿಲ, ಬೇಡವೆಂದರೆ ಬಾಗಿಲಲ್ಲಿ ಸುರಿದು ಹೋಗುತ್ತಾರೆ. ಅಸಲು ಕಾಗದ ನನ್ನ ಹತ್ತಿರ ಇಟ್ಟುಕೊಳ್ಳುವುದಿಲ್ಲ. ಜಮೀನು ಪಾಲಿನ ಜಗಳ ಕೇಳುವುದೇ ಇಲ್ಲ. ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಗೆ ಕಳಿಸುತ್ತೇನೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ವಕೀಲರು ಉಚಿತ ಎಂದರೆ ಯಾರೂ ನಂಬುವುದಿಲ್ಲ. ನಾಡಕಚೇರಿಗೆ ಅರ್ಜಿ ಕೊಟ್ಟವರಿಗೆ ಅರ್ಜಿ ಎಲ್ಲಿದೆ ಎಂದು ತಾವೇ ನೋಡಿಕೊಳ್ಳಬಹುದಾದ ಸಕಾಲ ಸಂಖ್ಯೆಯ ರಸೀದಿ ಕೇಳಿ ಪಡೆಯಿರಿ ಎಂದು ನಾನು ಹೇಳುತ್ತಾ ಬಂದದ್ದಕ್ಕೆ, ಅರ್ಜಿ ಬರೆಸಿಕೊಟ್ಟು ಸಾವಿರಗಟ್ಟಲೆ ಕೀಳುತ್ತಿದ್ದ ಒಬ್ಬನಿಗೆ ಸಿಟ್ಟು ಬಂದಿದೆ. ಸಂತೆಯಲ್ಲಿ ಎದುರಾದರೆ ಮುಖ ತಿರುಗಿಸುತ್ತಾನೆ.

ಹೋದ ವರ್ಷದಿಂದ ಪಿಯುಸಿ ಓದುವ ಹುಡುಗಿಯೊಬ್ಬಳು ಜೊತೆಗೆ ಕೂರುತ್ತಾಳೆ. ಮೊಬೈಲಿನ ಕೆಲಸವೆಲ್ಲ ಅವಳದೇ, ನನಗಿಂತ ಬೇಗ. ಮೊನ್ನೆ ಒಬ್ಬ ಅಜ್ಜಿ ಕವರು ಹಿಡಿದು ಬಂದು ನನ್ನನ್ನು ದಾಟಿಕೊಂಡು ಸೀದಾ ಅವಳ ಪಕ್ಕ ಕೂತರು. ವಯಸ್ಸಾದವರ ಪಿಂಚಣಿ, ಸಂಧ್ಯಾ ಸುರಕ್ಷಾ ಅರ್ಜಿಯಂತೆ. ವಯಸ್ಸು ಎಪ್ಪತ್ತು ದಾಟಿದೆ, ಆಧಾರಿನಲ್ಲಿ ಅರವತ್ತೆರಡು. ಶಾಲೆಗೆ ಹೋದವರಲ್ಲ, ಹುಟ್ಟಿದ ದಾಖಲೆ ಇಲ್ಲ. ಬರುವ ಬುಧವಾರ ಹಳೇ ವೋಟರ್ ಕಾರ್ಡ್ ಹುಡುಕಿ ತರಲು ಹೇಳಿದ್ದಾಳೆ.