ಕೌನ್ಸೆಲಿಂಗ್‌ನ ಮೊದಲ ಕೆಲವು ಭೇಟಿ: ದಾವಣಗೆರೆಯ ನನ್ನ ಕೊಠಡಿಯಲ್ಲಿ ನಡೆಯುವುದೇನು?

ದಾವಣಗೆರೆಯಲ್ಲಿ ಖಾಸಗಿಯಾಗಿ ಆಪ್ತಸಮಾಲೋಚನೆ ಮಾಡುವ ನನಗೆ ಬರುವ ಮೊದಲ ಫೋನ್ ಎಷ್ಟೋ ಸಲ ಕಷ್ಟದಲ್ಲಿರುವವರದ್ದಲ್ಲ. ಅಣ್ಣನದ್ದು, ಅತ್ತೆಯದ್ದು, ಗಂಡನದ್ದು. "ಸ್ವಲ್ಪ ಬುದ್ಧಿ ಹೇಳ್ಬೇಕಿತ್ತು, ಎಷ್ಟಾಗುತ್ತೆ?" ಎಂದು ಶುರುವಾಗುತ್ತದೆ. ನಾನು ಮೊದಲು ಕೇಳುವುದು, ಯಾಕೆ ಬರುತ್ತಿದ್ದೇವೆಂದು ಬರುವವರಿಗೆ ಗೊತ್ತಿದೆಯಾ? "ಜನರಲ್ ಚೆಕಪ್ ಅಂತ ಹೇಳಿದೀವಿ" ಎಂದರೆ ಸಮಯ ಕೊಡುವುದಿಲ್ಲ. ಸುಳ್ಳು ಹೇಳಿ ಕರೆತಂದವರು ನೆಲ ನೋಡುತ್ತ ಕೂರುತ್ತಾರೆ, ಎರಡನೇ ಸಲ ಬರುವುದಿಲ್ಲ. ನಿಜ ಹೇಳಿ, ಅವರೇ ನನಗೊಂದು ಮೆಸೇಜ್ ಹಾಕಲಿ ಎನ್ನುತ್ತೇನೆ. ಜೀವಕ್ಕೇ ಅಪಾಯವಿದ್ದರೆ ಮಾತ್ರ ಈ ನಿಯಮವಿಲ್ಲ. ಆಗ ನನ್ನ ಹತ್ತಿರವೂ ಅಲ್ಲ, ನೇರ ಆಸ್ಪತ್ರೆಗೆ.

ಬರುವ ಮುಂಚೆ ವಿದ್ಯಾರ್ಹತೆ ಕೇಳಿ. ಕೇಳಿದರೆ ಬೇಸರವಾಗುತ್ತದೇನೋ ಎಂಬ ಸಂಕೋಚ ಬೇಡ. ಎಂಡಿ ಅಥವಾ ಡಿಪಿಎಂ (ಮನೋವೈದ್ಯಕೀಯ ಡಿಪ್ಲೊಮಾ) ಮಾಡಿದ ಮನೋವೈದ್ಯರು ಮಾತ್ರೆ ಬರೆಯುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್‌ಗೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಸಂಖ್ಯೆ ಇರುತ್ತದೆ. ನನ್ನಂಥ ಕೌನ್ಸೆಲರ್‌ಗಳು ಮನಃಶಾಸ್ತ್ರದಲ್ಲೋ ಸಮಾಜಕಾರ್ಯದಲ್ಲೋ ಸ್ನಾತಕೋತ್ತರ ಪದವಿ ಪಡೆದು, ಮೇಲ್ವಿಚಾರಣೆಯಲ್ಲಿ ತರಬೇತಿ ಮುಗಿಸಿರಬೇಕು. ಒಂದು ವಾರದ ಆನ್‌ಲೈನ್ ಸರ್ಟಿಫಿಕೇಟ್ ಹಿಡಿದು ಬೋರ್ಡ್ ಹಾಕಿದವರೂ ಇದ್ದಾರೆ, ಅದಕ್ಕೇ ಹೇಳಿದ್ದು. ಮಾತ್ರೆ ಕೊಡುವ ಅಥವಾ ಬಿಡಿಸುವ ಕೌನ್ಸೆಲರ್ ಸಿಕ್ಕರೆ ಎದ್ದು ಬನ್ನಿ.

ಮೊದಲ ಭೇಟಿ 75 ನಿಮಿಷ, ಆಮೇಲಿನವು 50, ವಾರಕ್ಕೊಂದು. ಶುಲ್ಕ 800 ರೂಪಾಯಿ, ವಿದ್ಯಾರ್ಥಿಗಳಿಗೆ ಅರ್ಧ. 24 ಗಂಟೆ ಮುಂಚೆ ತಿಳಿಸದೆ ತಪ್ಪಿಸಿದರೂ ಪೂರ್ತಿ ಶುಲ್ಕ. ಮುಜುಗರವಾದರೂ ಇದನ್ನು ಫೋನಿನಲ್ಲೇ ಹೇಳಿಬಿಡುತ್ತೇನೆ. ಆರೋಗ್ಯ ವಿಮೆಯನ್ನು ನಂಬಿಕೊಳ್ಳಬೇಡಿ. ಹೆಚ್ಚಿನ ಪಾಲಿಸಿಗಳು ಹಣ ಕೊಡುವುದು ಆಸ್ಪತ್ರೆಗೆ ದಾಖಲಾದಾಗ. ಇಷ್ಟು ಖರ್ಚು ಕಷ್ಟವೆನ್ನುವವರಿಗೆ ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗವಿದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರಿ ಸಹಾಯವಾಣಿ ಟೆಲಿ ಮನಸ್ ಇದೆ. 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು.

ಗುಟ್ಟಿನ ವಿಚಾರ ನಮ್ಮಂಥ ಊರಲ್ಲಿ ಬರೀ ಕಾಗದದ ಮಾತಲ್ಲ. ಪಿ.ಜೆ. ಬಡಾವಣೆಯಲ್ಲಿ ಸ್ಕೂಟಿ ನಿಲ್ಲಿಸಿದರೆ ನಂಬರ್ ಪ್ಲೇಟ್ ನೋಡಿ "ಇದು ಅವರ ಮನೇದಲ್ವಾ" ಎನ್ನುವವರು ಇದ್ದೇ ಇರುತ್ತಾರೆ. ಒಬ್ಬರು ಹೋಗಿ ಇನ್ನೊಬ್ಬರು ಬರುವ ನಡುವೆ 20 ನಿಮಿಷ ಬಿಟ್ಟಿರುತ್ತೇನೆ, ಮೆಟ್ಟಿಲಲ್ಲಿ ಎದುರಾಗಬಾರದೆಂದು. ಬಾಗಿಲ ಹೊರಗೆ ಒಂದು ಟೇಬಲ್ ಫ್ಯಾನ್ ಸದಾ ಓಡುತ್ತಿರುತ್ತದೆ; ಗಾಳಿಗಲ್ಲ, ಒಳಗಿನ ಮಾತು ಆ ಸದ್ದಿನಲ್ಲಿ ಮುಚ್ಚಿಹೋಗಲಿ ಎಂದು. ಯುಪಿಐ ಖಾತೆಯಲ್ಲಿ "ಕೌನ್ಸೆಲಿಂಗ್" ಎಂಬ ಪದವಿಲ್ಲ, ನನ್ನ ಹೆಸರು ಮಾತ್ರ. ಗಂಡನ ಫೋನಿನಿಂದಲೇ ಪೇ ಮಾಡಬೇಕಾದವರು ಈ ಊರಲ್ಲಿ ಬಹಳ. ನೀವೂ ನಾನೂ ಮದುವೆ ಮನೆಯಲ್ಲಿ ಎದುರಾದರೆ ನಾನಾಗಿ ಮಾತಾಡಿಸುವುದಿಲ್ಲ, ತಪ್ಪು ತಿಳಿಯಬೇಡಿ ಎಂದು ಮೊದಲ ದಿನವೇ ಹೇಳಿರುತ್ತೇನೆ. ಸಂಬಂಧಿಕರು, ಪಕ್ಕದ ಮನೆಯವರು ಬಂದರೆ ಬೇರೆ ಕೌನ್ಸೆಲರ್ ಹತ್ತಿರ ಕಳಿಸುತ್ತೇನೆ.

ಜೊತೆಗೆ ಬಂದ ಮನೆಯವರು ಮೊದಲ ಹತ್ತು ನಿಮಿಷ ಒಳಗಿರಬಹುದು, ಆಮೇಲೆ ಹೊರಗೆ. ಅವರೆದುರೇ ಕರಾರು ಹೇಳುತ್ತೇನೆ: ಇಲ್ಲಿ ಆಡಿದ ಮಾತು ಹೊರಗೆ ಹೋಗುವುದಿಲ್ಲ, ದುಡ್ಡು ಕೊಟ್ಟವರಿಗೂ ವರದಿ ಇಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿರುವ ಗೌಪ್ಯತೆಯ ನಿಯಮವನ್ನೇ ಇಲ್ಲಿ ಪಾಲಿಸುತ್ತೇನೆ. ಇದಕ್ಕೆ ಕೆಲವು ಅಪವಾದಗಳಿವೆ: ನಿಮ್ಮ ಜೀವಕ್ಕೆ ಅಥವಾ ಇನ್ನೊಬ್ಬರ ಜೀವಕ್ಕೆ ಅಪಾಯ ಕಂಡರೆ, ಕೋರ್ಟ್ ಆದೇಶ ಬಂದರೆ. 18 ತುಂಬದವರ ಮೇಲಿನ ಲೈಂಗಿಕ ದೌರ್ಜನ್ಯ ತಿಳಿದುಬಂದರೆ ಪೋಕ್ಸೋ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ವರದಿ ಇಲ್ಲ ಎಂಬ ಮಾತು ಕೇಳಿ ಕೆಲವು ಅಪ್ಪಂದಿರ ಮುಖ ಗಂಟಿಕ್ಕುತ್ತದೆ, ಆದರೆ ಮಗಳು ಅಲ್ಲಿಂದಾಚೆ ಮಾತಾಡುತ್ತಾಳೆ.

ಬರುವಾಗ ಹಳೆಯ ಫೈಲ್ ಮತ್ತು ನುಂಗುತ್ತಿರುವ ಮಾತ್ರೆಗಳ ಸ್ಟ್ರಿಪ್ ತನ್ನಿ. ನಮ್ಮ ಕಡೆ ಆತಂಕದ ಮೊದಲ ಹೆಸರು "ಗ್ಯಾಸ್". ಎದೆ ಡವಡವ, ಕೈಕಾಲು ಜೋಮು ಎಂದು ಇಸಿಜಿ, ಎಂಡೋಸ್ಕೋಪಿ ಎಲ್ಲ ಮಾಡಿಸಿ, ಉಕ್ಕಡಗಾತ್ರಿಯ ಅಜ್ಜಯ್ಯನ ಗುಡಿಗೂ ಹೋಗಿ, ಕೊನೆಗೆ ಇಲ್ಲಿಗೆ ಬರುತ್ತಾರೆ. ಅಜ್ಜಯ್ಯನ ಹತ್ತಿರ ಹೋಗಿದ್ದನ್ನು ಮುಚ್ಚಿಡಬೇಕಿಲ್ಲ, ಅಲ್ಲಿ ಹಗುರವಾಯಿತೇ ಎಂದು ನಾನೇ ಕೇಳುತ್ತೇನೆ. ಥೈರಾಯ್ಡ್, ಬಿ12, ಹಿಮೋಗ್ಲೋಬಿನ್ ನೋಡಿಸಿಲ್ಲದಿದ್ದರೆ ಮೊದಲು ವೈದ್ಯರ ಬಳಿ ಕಳಿಸುತ್ತೇನೆ. ಥೈರಾಯ್ಡ್ ಕಡಿಮೆಯಾದಾಗಲೂ ಇದೇ ಸುಸ್ತು, ಇದೇ ಬೇಸರ. ಅದು ಮಾತಿನಿಂದ ಹೋಗುವುದಿಲ್ಲ.

ಆಮೇಲೆ ಖಿನ್ನತೆಯ ಲಕ್ಷಣ ಅಳೆಯುವ ಪಿಎಚ್‌ಕ್ಯೂ-9 ಎಂಬ ಹಾಳೆ. ಕಳೆದ ಎರಡು ವಾರದ ಬಗ್ಗೆ 9 ಪ್ರಶ್ನೆ, ಒಂದೊಂದಕ್ಕೆ 0ರಿಂದ 3 ಅಂಕ, ಒಟ್ಟು 27. 10 ಮುಟ್ಟಿದರೆ ಖಿನ್ನತೆಯ ಬಗ್ಗೆ ಇನ್ನಷ್ಟು ವಿಚಾರಿಸಬೇಕು, ಅಂಕವೇ ರೋಗನಿರ್ಣಯವಲ್ಲ. ಒಂಬತ್ತನೆಯದು ಸಾವಿನ ಯೋಚನೆಯ ಬಗ್ಗೆ. ತಾಯಿ ಪಕ್ಕದಲ್ಲಿ ಕೂತಾಗ ತುಂಬಿಸಿದ ಹಾಳೆಯಲ್ಲಿ ಅದಕ್ಕೆ ಸೊನ್ನೆ ಬಿದ್ದಿದ್ದರೆ ನಾನು ನಂಬುವುದಿಲ್ಲ. ಒಬ್ಬರೇ ಇದ್ದಾಗ ಬಾಯಿಬಿಟ್ಟು ಮತ್ತೆ ಕೇಳುತ್ತೇನೆ. ಕೇಳಿದರೆ ತಲೆಗೆ ಆ ಯೋಚನೆ ತುಂಬಿದಂತಾಗುತ್ತದೆ ಎಂಬುದು ಸುಳ್ಳು. ಹೌದು ಎಂದರೆ ಮುಂದಿನ ಪ್ರಶ್ನೆ: ಮನೆಯಲ್ಲಿ ಕೀಟನಾಶಕ, ಕಳೆನಾಶಕ ಎಲ್ಲಿಟ್ಟಿದ್ದೀರಿ? ಮೆಕ್ಕೆಜೋಳ, ಅಡಿಕೆ ಬೆಳೆಯುವ ಮನೆಗಳಲ್ಲಿ ಅದು ಮಂಚದ ಕೆಳಗೇ ಇರಬಹುದು. ಅವತ್ತೇ ಮನೆಯಿಂದ ಹೊರಹೋಗಿ ಬೀಗ ಬೀಳಬೇಕು, ಕೀಲಿ ಬೇರೆಯವರ ಕೈಯಲ್ಲಿರಬೇಕು. ಇದಕ್ಕೆ ಮನೆಯ ಒಬ್ಬರಿಗೆ ಹೇಳಲೇಬೇಕಾಗುತ್ತದೆ. ಯಾರಿಗೆ ಎಂಬುದನ್ನು ಬಂದವರನ್ನೇ ಕೇಳಿ ತೀರ್ಮಾನಿಸುತ್ತೇನೆ. ಮನೋವೈದ್ಯರ ಭೇಟಿಯನ್ನೂ ಅವತ್ತೇ ಗೊತ್ತು ಮಾಡುತ್ತೇನೆ.

ಮೊದಲ ದಿನವೇ ಎಲ್ಲ ಹೇಳಿ ಮುಗಿಸಬೇಕಿಲ್ಲ. ಅತ್ತು, ಎಲ್ಲ ಕಕ್ಕಿ ಹೋದವರು ಮರುದಿನ "ಯಾಕಾದರೂ ಹೇಳಿದೆನೋ" ಎಂದು ನಾಚಿ ಬರುವುದನ್ನೇ ಬಿಡುತ್ತಾರೆ. ಹಾಗಾಗಿ ಕಡೇ ಹದಿನೈದು ನಿಮಿಷ ಹೊಸ ವಿಷಯ ಎತ್ತಲು ಬಿಡುವುದಿಲ್ಲ. ಆ ಹೊತ್ತಿನಲ್ಲಿ ಗುರಿ ಬರೆಯುತ್ತೇವೆ. "ನೆಮ್ಮದಿ ಬೇಕು" ಎಂದರೆ ಅಳೆಯುವುದು ಹೇಗೆ? "ವಾರಕ್ಕೆ ನಾಲ್ಕು ದಿನ ಕ್ಲಾಸಿಗೆ ಹೋಗಬೇಕು", "ಅತ್ತೆ ಮಾತಾಡುವಾಗ ಎದ್ದು ಹೋಗದೆ ಒಂದು ವಾಕ್ಯ ಹೇಳಬೇಕು" ಎಂದರೆ ಅಳೆಯಬಹುದು.

ಎರಡನೇ ಭೇಟಿಗೆ ಬಹಳ ಜನ ಹಗುರಾಗಿ ಬರುತ್ತಾರೆ, ಇಷ್ಟೇ ಸಾಕು ಎನ್ನುತ್ತಾರೆ. ಮೂರು, ನಾಲ್ಕನೆಯದರಲ್ಲಿ ಮತ್ತೆ ಕುಸಿತ, ಯಾಕೆಂದರೆ ತಪ್ಪಿಸಿಕೊಂಡಿದ್ದನ್ನು ಈಗ ಮುಟ್ಟುತ್ತಿದ್ದೇವೆ. "ದುಡ್ಡು ಕೊಟ್ಟು ಕಾಯಿಲೆ ಜಾಸ್ತಿ ಮಾಡಿಕೊಂಡ್ವಿ" ಎಂದು ಮನೆಯವರು ನಿಲ್ಲಿಸುವುದೂ ಆಗಲೇ. ಸಂಜೆಯಿಡೀ ಮಂಕಾಗಿರುವುದು ಸರಿ. ಊಟ ನಿದ್ದೆ ವಾರವಿಡೀ ಕೆಟ್ಟರೆ ವೇಗ ಹೆಚ್ಚಾಗಿದೆ ಎಂದರ್ಥ, ಹೇಳಿ, ಕಡಿಮೆ ಮಾಡುತ್ತೇನೆ. ಸುಧಾರಿಸಿತೆಂದು ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಖಿನ್ನತೆಯ ಮಾತ್ರೆ ಒಮ್ಮೆಲೇ ಬಿಟ್ಟರೆ ತಲೆಸುತ್ತು, ಚಡಪಡಿಕೆ, ನಿದ್ರೆಗೇಡು ಬರಬಹುದು. ಬಿಡಿಸುವುದು ಬರೆದುಕೊಟ್ಟ ವೈದ್ಯರ ಕೆಲಸ.

ಜಗಳೂರು, ಚಳ್ಳಕೆರೆ ಕಡೆಯವರಿಗೆ ಮೊದಲೆರಡು ಭೇಟಿ ಎದುರಾಎದುರು, ಆಮೇಲೆ ವಿಡಿಯೋ. ಕೂಡುಕುಟುಂಬದಲ್ಲಿ ತಾರಸಿಯೋ ನಿಲ್ಲಿಸಿದ ಕಾರೋ ಗತಿ. ಇಯರ್‌ಫೋನ್ ಕಡ್ಡಾಯ. ಯಾರಾದರೂ ಹತ್ತಿರ ಬಂದರೆ "ಬಿಲ್ ಕಳಿಸಿ" ಎನ್ನಿ, ನಾನು ಮಾತು ಬದಲಿಸುತ್ತೇನೆ.

ಐದನೇ ಭೇಟಿಯಲ್ಲಿ ಅದೇ ಹಾಳೆ ಮತ್ತೆ ತುಂಬಿಸಿ, ಗುರಿಯ ಪಟ್ಟಿ ತೆಗೆಯುತ್ತೇವೆ. ಏನೂ ಅಲುಗಾಡಿಲ್ಲವೆಂದರೆ ವಿಧಾನ ಬದಲಿಸಬೇಕು, ಇಲ್ಲವೇ ಕೌನ್ಸೆಲರ್‌ನ್ನು. ಬೇರೆಯವರ ಹತ್ತಿರ ಹೋಗುವುದಾದರೆ ಫೋನ್ ಎತ್ತದೆ ಸುಮ್ಮನಾಗಬೇಡಿ. ಇಲ್ಲಿಯವರೆಗೆ ಮಾಡಿದ್ದನ್ನು ಒಂದು ಪುಟದಲ್ಲಿ ಬರೆದು ನಿಮ್ಮ ಕೈಗೇ ಕೊಡುತ್ತೇನೆ, ಹೊಸಬರ ಮುಂದೆ ಮೊದಲಿನಿಂದ ಹೇಳುವುದು ತಪ್ಪುತ್ತದೆ.