ಚಳಿಗಾಲದ ಟೊಮೆಟೊ ಸಸಿ: ಹತ್ತು ಗುಂಟೆಗೆ ನಾನು ಮನೆಯಲ್ಲೇ ಮಾಡಿಕೊಳ್ಳುವ ಬಗೆ

ಕೋಲಾರದ ಕಡೆ ಟೊಮೆಟೊ ಸಸಿಯನ್ನು ನರ್ಸರಿಯಿಂದ ತರುವವರೇ ಹೆಚ್ಚು. ಜನವರಿ ನಾಟಿಗೆ ಮಾತ್ರ ನಾನು ಮನೆಯಲ್ಲೇ ಎಬ್ಬಿಸಿಕೊಳ್ಳುತ್ತೇನೆ. ಡಿಸೆಂಬರ್ ರಾತ್ರಿಗಳಲ್ಲಿ ನಮ್ಮಲ್ಲಿ ಬಿಸಿ 15 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. 25ರಿಂದ 30 ಡಿಗ್ರಿಯಲ್ಲಿ ಆರು ದಿನದೊಳಗೆ ತಲೆ ಎತ್ತುವ ಬೀಜ 15 ಡಿಗ್ರಿಯಲ್ಲಿ ಎರಡು ವಾರ ಹಿಡಿಯುತ್ತದೆ. ಅಷ್ಟು ದಿನ ಒದ್ದೆಯಲ್ಲಿ ಕೂತ ಬೀಜದಲ್ಲಿ ಎಷ್ಟೋ ಅಲ್ಲೇ ಕೊಳೆತು ಹೋಗುತ್ತವೆ. ಬಯಲಲ್ಲಿ ಮಡಿ ಮಾಡಿದರೆ ಈ ಕಾಲದಲ್ಲಿ ಆಗುವುದು ಇದೇ.

ಮೊದಲು ಲೆಕ್ಕ. ಸಾಲಿನಿಂದ ಸಾಲಿಗೆ 4 ಅಡಿ, ಗಿಡದಿಂದ ಗಿಡಕ್ಕೆ 2 ಅಡಿ ಬಿಟ್ಟರೆ ಹತ್ತು ಗುಂಟೆಗೆ 1,360 ಗಿಡ ಬೇಕು. ಹುಟ್ಟದ್ದು, ಸೊರಗಿದ್ದು ಎಲ್ಲ ಕಳೆದು ಅಷ್ಟು ಉಳಿಯಬೇಕೆಂದರೆ 98 ಗುಳಿಯ ಟ್ರೇ 16 ತುಂಬಿಸಬೇಕು. ಗ್ರಾಮಿಗೆ ಸುಮಾರು 300 ಬೀಜ ಬರುತ್ತದೆ. ಅಂದರೆ 10 ಗ್ರಾಂ ಪೊಟ್ಟಣದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಖರ್ಚಾಗುತ್ತದೆ. ಮಿಕ್ಕದ್ದನ್ನು ಪೊಟ್ಟಣದ ಬಾಯಿ ಮಡಚಿ, ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಮುಂದಿನ ಬೆಳೆಗೆ ಆಗುತ್ತದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತರಹದ ಹೈಬ್ರಿಡ್‌ನ ಹಣ್ಣಿನಿಂದ ಬೀಜ ಹಿಡಿದಿಟ್ಟರೆ ಮುಂದೆ ಅದೇ ತಳಿ ಬರುವುದಿಲ್ಲ. ಹೈಬ್ರಿಡ್ ಅಲ್ಲದ ಅರ್ಕಾ ವಿಕಾಸ್‌ನಲ್ಲಿ ಬರುತ್ತದೆ. ಪೊಟ್ಟಣದ ಬೀಜಕ್ಕೆ ಬಣ್ಣ ಹಚ್ಚಿದ್ದರೆ ಔಷಧೋಪಚಾರ ಆಗಿದೆ ಎಂದರ್ಥ, ಮತ್ತೆ ಏನನ್ನೂ ಬಳಿಯಬೇಡಿ.

ತುಂಬಲು 5 ಕೆಜಿಯ ಒಂದು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಇಟ್ಟಿಗೆ ಸಾಕು, ನೆನೆದರೆ 60 ಲೀಟರ್ ದಾಟಿ ಉಬ್ಬುತ್ತದೆ. ಅದರಲ್ಲಿ ಉಪ್ಪಿರುತ್ತದೆ. ಗೋಣಿಚೀಲಕ್ಕೆ ಹಾಕಿ ನೀರು ಸುರಿದು ಬಸಿಯಲು ಬಿಡಿ. ಮೂರು ಸಲವಾದರೂ ಹೀಗೆ ಮಾಡಬೇಕು. ಮೊದಲ ನೀರು ಕಾಫಿ ಡಿಕಾಕ್ಷನ್ನಿನಂತೆ ಇಳಿಯುತ್ತದೆ, ತೆಳು ಟೀ ಬಣ್ಣಕ್ಕೆ ಬಂದಾಗ ನಿಲ್ಲಿಸುತ್ತೇನೆ. ಇದನ್ನು ಬಿಟ್ಟರೆ ಸಸಿ ಹುಟ್ಟಿದ ಮೇಲೆ ಎಲೆಯಂಚು ಸುಟ್ಟು, ಬೆಳವಣಿಗೆ ನಿಂತುಬಿಡುತ್ತದೆ. ಆಗ ಗೊಬ್ಬರ ಕೊಟ್ಟವರು ಉಪ್ಪಿನ ಮೇಲೆ ಇನ್ನಷ್ಟು ಉಪ್ಪು ಸುರಿದಂತೆ. ತೊಳೆದ ಪೀಟಿಗೆ ಕೆಜಿಗೆ 10 ಗ್ರಾಂ ಟ್ರೈಕೋಡರ್ಮ (ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಉಪಕಾರಿ ಶಿಲೀಂಧ್ರದ ಪುಡಿ) ಬೆರೆಸಿ ಒಂದು ರಾತ್ರಿ ಬಿಡಿ. ಮುಷ್ಟಿಯಲ್ಲಿ ಹಿಂಡಿದರೆ ಬೆರಳ ಸಂದಿಯಲ್ಲಿ ಎರಡು ಮೂರು ಹನಿ ಬರಬೇಕು, ಧಾರೆಯಾಗಿ ಸುರಿದರೆ ನೀರು ಹೆಚ್ಚಾಯಿತು.

ಟ್ರೇ ತುಂಬಿ, ಅದರ ಮೇಲೆ ಇನ್ನೊಂದು ಖಾಲಿ ಟ್ರೇ ಇಟ್ಟು ಹಗುರಾಗಿ ಒತ್ತಿದರೆ ಎಲ್ಲ ಗುಳಿಯಲ್ಲೂ ಒಂದೇ ಸಮ ತಗ್ಗು ಬೀಳುತ್ತದೆ. ಬೀಜ ಅರ್ಧ ಸೆಂಟಿಮೀಟರಿಗಿಂತ ಆಳಕ್ಕೆ ಹೋಗಬಾರದು. ತೀರಾ ಮೇಲೆ ಬಿದ್ದರೂ ತೊಂದರೆಯೇ: ಸಿಪ್ಪೆ ಉದುರದೆ ಟೋಪಿಯಂತೆ ತಲೆಗೆ ಕಚ್ಚಿಕೊಂಡು ಬೀಜದೆಲೆ ಬಿಚ್ಚುವುದಿಲ್ಲ. ಅದನ್ನು ಉಗುರಿನಲ್ಲಿ ಕೀಳಲು ಹೋದರೆ ಎಲೆಯೂ ಕಿತ್ತು ಬರುತ್ತದೆ. ಒಂದು ಹನಿ ನೀರು ಹಾಕಿ ಅರ್ಧ ಗಂಟೆ ಬಿಟ್ಟು ಸವರಿದರೆ ಜಾರುತ್ತದೆ.

ಬೀಜ ಮುಚ್ಚಿದ ಟ್ರೇಗಳನ್ನು ಎಂಟೆಂಟರ ಎರಡು ಅಟ್ಟಿ ಮಾಡಿ, ಪ್ಲಾಸ್ಟಿಕ್ ಹಾಳೆ ಸುತ್ತಿ, ಬಚ್ಚಲ ಹಂಡೆ ಒಲೆಯ ಹಿಂಬದಿ ಗೋಡೆಗೆ, ಆಚೆ ಕೋಣೆಯಲ್ಲಿ ಇಡುತ್ತೇನೆ. ಬೆಳಿಗ್ಗೆ ನೀರು ಕಾದರೆ ಆ ಗೋಡೆ ಮಧ್ಯಾಹ್ನದವರೆಗೂ ಬೆಚ್ಚಗಿರುತ್ತದೆ. ಗ್ಯಾಸ್ ಗೀಸರ್ ಮನೆಯವರು ಅಡುಗೆಮನೆಯ ಮೂಲೆ ಹುಡುಕಿಕೊಳ್ಳಬೇಕು. ಈ ನಾಲ್ಕೈದು ದಿನ ನೀರೂ ಬೇಡ, ಬೆಳಕೂ ಬೇಡ.

ಮುಂದಿನದ್ದರಲ್ಲೇ ಎಲ್ಲ ಇದೆ. ಬೀಜ ಮೊಳೆಸುವುದು ಕಷ್ಟವಲ್ಲ, ಟ್ರೇ ಬಿಚ್ಚುವ ಹೊತ್ತು ತಪ್ಪಿದರೆ ಮಾತ್ರ ಅಷ್ಟೂ ಕೆಟ್ಟಂತೆ. ಮೂರನೇ ದಿನ ಸಂಜೆಯಿಂದಲೇ ಬೆಳಿಗ್ಗೆ ಸಂಜೆ ನಡುವಿನ ಟ್ರೇ ಎಳೆದು ನೋಡಿ. ಮೊದಲು ಪೀಟ್ ಕೂದಲೆಳೆಯಷ್ಟು ಬಿರಿಯುತ್ತದೆ, ಬಿರುಕಿನಲ್ಲಿ ಕೊಕ್ಕೆಯಂತೆ ಬಗ್ಗಿದ ಬಿಳಿ ಕುತ್ತಿಗೆ ಕಾಣುತ್ತದೆ, ತಲೆ ಇನ್ನೂ ಒಳಗೇ ಇರುತ್ತದೆ. 98ರಲ್ಲಿ ಎಂಟು ಹತ್ತು ಕೊಕ್ಕೆ ಕಂಡರೆ ಉಳಿದವಕ್ಕೆ ಕಾಯದೆ ಅಷ್ಟೂ ಟ್ರೇ ಹೊರಗೆ ತೆಗೆಯಬೇಕು. ನಾಳೆ ನೋಡೋಣ ಎಂದರೆ ಮಾರನೆ ದಿನಕ್ಕೆ ಕತ್ತಲಲ್ಲಿ ಎರಡಿಂಚು ಉದ್ದದ ಬಿಳಿ ದಾರ ಎದ್ದಿರುತ್ತದೆ. ಆಮೇಲೆ ಎಷ್ಟು ಬಿಸಿಲು ತೋರಿಸಿದರೂ ಅದು ದಪ್ಪಗಾಗುವುದಿಲ್ಲ.

ಕಿಟಕಿ ಪಕ್ಕದ ಬೆಳಕು ನಮ್ಮ ಕಣ್ಣಿಗೆ ಧಾರಾಳ, ಸಸಿಗೆ ಸಾಲದು. ಹಗಲು ಮಹಡಿ ಮೇಲೆ ಪೈಪಿನ ಚೌಕಟ್ಟಿಗೆ 40 ಮೆಶ್ (ಇಂಚಿಗೆ 40 ಕಣ್ಣಿನ) ಬಿಳಿ ಬಲೆ ಕಟ್ಟಿ ಅದರೊಳಗೆ ಇಡುತ್ತೇನೆ. ಮೊದಲ ಒಂದು ವಾರ ಸಂಜೆ ಐದಕ್ಕೆ ಮತ್ತೆ ಒಳಗೆ. ಇಬ್ಬರಿದ್ದರೆ ಹತ್ತು ನಿಮಿಷದ ಕೆಲಸ. ಹಸಿರು ನೆರಳು ಬಲೆಯನ್ನೇ ಕೀಟದ ಬಲೆ ಎಂದುಕೊಂಡವರು ಬಹಳ ಮಂದಿ. ಅದರ ಕಣ್ಣಿನಲ್ಲಿ ಬಿಳಿನೊಣ ಸಲೀಸಾಗಿ ನುಗ್ಗುತ್ತದೆ, ಎಲೆ ಮುದುಡು ರೋಗದ ನಂಜನ್ನು ತರುವುದೂ ಅದೇ. ಸಸಿಯಲ್ಲೇ ನಂಜು ಹತ್ತಿದರೆ ಹೊಲದಲ್ಲಿ ಯಾವ ಔಷಧಿಯೂ ಕೆಲಸಕ್ಕೆ ಬಾರದು. ನಾಲ್ಕೇ ಕುಂಡದವರು 20 ವಾಟಿನ ಎಲ್ಇಡಿ ಟ್ಯೂಬನ್ನು ಸಸಿಯ ತುದಿಯಿಂದ ಆರಿಂಚು ಮೇಲೆ ಕಟ್ಟಿ, ದಿನಕ್ಕೆ 14 ಗಂಟೆ ಉರಿಸಿದರೆ ಆಗುತ್ತದೆ. ಸಸಿ ಬೆಳೆದಂತೆ ಟ್ಯೂಬೂ ಮೇಲೇರಬೇಕು.

ನೀರು ಬೆಳಿಗ್ಗೆ ಒಂದೇ ಸಲ. ಟ್ರೇ ಎತ್ತಿ ನೋಡಿದರೆ ಕೈಗೇ ಗೊತ್ತಾಗುತ್ತದೆ, ಭಾರವಿದ್ದರೆ ಅವತ್ತು ಬೇಡ. ಅಂಚಿನ ಗುಳಿಗಳು ಮೊದಲು ಒಣಗುವುದರಿಂದ ಅವಕ್ಕೆ ಒಂದು ಕೈ ಹೆಚ್ಚು. ಸಂಜೆ ನೀರು ಕೊಟ್ಟು ರಾತ್ರಿ ಒದ್ದೆಯಲ್ಲೇ ಬಿಟ್ಟರೆ ಬುಡ ಕೊಳೆಯುವ ರೋಗ ಕರೆದಂತೆ. ನಿನ್ನೆ ನೆಟ್ಟಗಿದ್ದ ಸಸಿ ಬೆಳಿಗ್ಗೆ ಮಲಗಿರುತ್ತದೆ, ಎಲೆ ಇನ್ನೂ ಹಸಿರೇ, ಆದರೆ ಪೀಟಿಗೆ ತಾಗುವ ಕಡೆ ಕಾಂಡ ಒದ್ದೆ ನೂಲಿನಂತೆ ಸಣ್ಣಗಾಗಿರುತ್ತದೆ. ಅದನ್ನೂ ಸುತ್ತಲಿನ ಗುಳಿಗಳನ್ನೂ ಪೀಟ್ ಸಮೇತ ತೆಗೆದು ದೂರ ಎಸೆದು, ಒಂದು ದಿನ ನೀರು ನಿಲ್ಲಿಸಿ, ಲೀಟರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ (ತಾಮ್ರದ ಶಿಲೀಂಧ್ರನಾಶಕ) ಬುಡಕ್ಕೆ ಹಾಕುತ್ತೇನೆ. ತಾಮ್ರ ಬಿದ್ದರೆ ಮೊದಲು ಬೆರೆಸಿದ ಟ್ರೈಕೋಡರ್ಮಕ್ಕೂ ಪೆಟ್ಟು ಬೀಳಬಹುದು. ಅದಕ್ಕೇ ಮುಂಜಾಗ್ರತೆ ಅಂತ ತಾಮ್ರ ಹಾಕುವುದಿಲ್ಲ.

ಗೊಬ್ಬರ ಎರಡೇ ಸಲ: ಬಿತ್ತಿದ 12ನೇ ದಿನ, 20ನೇ ದಿನ, 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮ ಇರುವ, ನೀರಲ್ಲಿ ಕರಗುವ ಗೊಬ್ಬರ) ಲೀಟರಿಗೆ 3 ಗ್ರಾಂ. ಚಳಿ ಜೋರಾದಾಗ ಎಲೆಯ ಅಡಿಭಾಗ ನೇರಳೆಗೆ ತಿರುಗುತ್ತದೆ. ರಂಜಕ ಕಮ್ಮಿಯಾಯಿತು ಅಂತ ಡಿಎಪಿ ನೆನೆಸಿ ಹಾಕುತ್ತಾರೆ. ಬೇರಿಗೆ ಚಳಿಯಲ್ಲಿ ರಂಜಕ ಎಳೆಯಲಾಗುವುದಿಲ್ಲ ಅಷ್ಟೆ, ಕೆಲವು ದಿನ ಬೆಚ್ಚಗಿಟ್ಟರೆ ತಾನೇ ಹೋಗುತ್ತದೆ. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ನಮ್ಮ ಕೊಳವೆಬಾವಿಯ ಗಡಸು ನೀರಿನ ಕೆಲಸ. ಟ್ರೇ ಅಂಚಿಗೆ ಬಿಳಿ ಪೊರೆ ಕಟ್ಟಿದ್ದರೆ ಅನುಮಾನವೇ ಬೇಡ. ಡ್ರಮ್ಮಿನಲ್ಲಿ ಮಳೆನೀರು ಹಿಡಿದಿಟ್ಟಿದ್ದರೆ ಈ 25 ದಿನಕ್ಕೆ ಅದನ್ನೇ ಬಳಸಿ. ಇನ್ನೊಂದು, ಬೀಡಿ ಸೇದಿದ ಕೈಯಲ್ಲಿ ಯಾರೂ ಸಸಿ ಮುಟ್ಟಬಾರದು. ಹೊಗೆಸೊಪ್ಪಿನ ಮೊಸಾಯಿಕ್ ನಂಜು ಟೊಮೆಟೊಗೂ ಅಂಟುತ್ತದೆ, ಸೋಪಿನಲ್ಲಿ ಕೈ ತೊಳೆದೇ ಬರಬೇಕು.

ಕೊನೆಯ ನಾಲ್ಕು ದಿನ ನೀರು ಅರ್ಧಕ್ಕೆ ಇಳಿಸುತ್ತೇನೆ. 25ನೇ ದಿನ ಒಂದು ಸಸಿಯ ಬುಡ ಹಿಡಿದು ಮೆಲ್ಲಗೆ ಎಳೆದು ನೋಡಿ. ಪೀಟ್ ಉದುರದೆ, ಸುತ್ತ ಬಿಳಿ ಬೇರು ಹೆಣೆದುಕೊಂಡು ಇಡೀ ಉಂಡೆ ಬಂದರೆ ನಾಟಿಗೆ ಸಿದ್ಧ. ಉದುರಿದರೆ ಇನ್ನು ಎರಡು ದಿನ. ಬೇರು ಕಂದಾಗಿ ತಳದಲ್ಲಿ ಸುತ್ತಿಕೊಂಡಿದ್ದರೆ ತಡವಾಗಿದೆ, ಅವತ್ತೇ ನೆಡಿ. ಸ್ವಲ್ಪ ಉದ್ದವಾದ ಸಸಿಗಳನ್ನು ನಾನು ಬಿಸಾಡುವುದಿಲ್ಲ. ಬೀಜದೆಲೆಯವರೆಗೂ ಮಣ್ಣಿನೊಳಗೆ ಇಳಿಸಿ ನೆಟ್ಟರೆ ಹೂತ ಕಾಂಡದಿಂದಲೂ ಬೇರು ಬರುತ್ತದೆ.